ಹಿಮಕ್ಕೆ ಮುಂಚಿನ ಕೋಣೆ

ಗೊಣಗಪ್ಪ ಮತ್ತೆ ಎದೆ ನೀವಿಕೊಂಡ. ಎದುರು ಮಂಚದ ಜನರೇಟರ್ ಮೆಕ್ಯಾನಿಕ್ ನೋಡಿಬಿಟ್ಟಾನೆಂದು ಕೂಡಲೇ ಕೈ ತೆಗೆದು, "ಈ ಚಹಾ ಕುಡಿಯೋದಕ್ಕಿಂತ ಪಾತ್ರೆ ತೊಳೆದ ನೀರು ಕುಡಿಯೋದು ವಾಸಿ" ಎಂದು ಸಿಡುಕಿದ.

ಕಿಟಕಿಯಿಲ್ಲದ ಕೋಣೆ. ಎರಡು ಮಂಚ, ಒಂದು ಒಲೆ, ಡಬ್ಬಿಯ ಊಟ. ಧ್ರುವದ ಸಂಶೋಧನಾ ಶಿಬಿರಕ್ಕೆ ಅಡುಗೆಯವರನ್ನು, ಮೆಕ್ಯಾನಿಕ್‌ಗಳನ್ನು ಒದಗಿಸುವ ಆಫೀಸು, ಕಳಿಸುವ ಮುಂಚೆ ಇಲ್ಲಿ ಇಬ್ಬರನ್ನು ಒಂದು ವಾರ ಪರೀಕ್ಷೆಗೆ ಕೂಡಿಹಾಕುತ್ತದೆ. ಇವತ್ತು ಕೊನೆಯ ದಿನ. ಕ್ಯಾಮೆರಾ ಇಲ್ಲ, ಕೂಗಿದರೆ ಹೊರಗೆ ಕೇಳಿಸುವುದಿಲ್ಲ. ಬಾಗಿಲ ಪಕ್ಕ ಒಂದು ಕರೆಗಂಟೆ. ಒತ್ತಿದರೆ ಬಾಗಿಲು ತೆರೆಯುತ್ತದೆ, ಒತ್ತಿದವನಿಗೆ ಹಿಮದ ಕೆಲಸ ಕೈತಪ್ಪುತ್ತದೆ. ಅಲ್ಲಿ ಚಳಿಗಾಲ ಪೂರ್ತಿ ವಿಮಾನವೇ ಇಳಿಯುವುದಿಲ್ಲ. ಏನೇ ಬಂದರೂ ಒಳಗಿದ್ದವರೇ ನಿಭಾಯಿಸಬೇಕು.

ಗೊಣಗಪ್ಪ ಎಂಬುದು ಮೆಕ್ಯಾನಿಕ್ ಇಟ್ಟ ಅಡ್ಡಹೆಸರು. ತಪ್ಪೇನಿಲ್ಲ. ಅಡುಗೆಯವನೆಂದು ಬಂದ ಇವನು ವಾರವಿಡೀ ಒಲೆ ಹಚ್ಚಿದವನಲ್ಲ, ಮೆಕ್ಯಾನಿಕ್ ಬೇಯಿಸಿ ಬಡಿಸಿದ್ದಕ್ಕೆಲ್ಲ ಹೆಸರಿಟ್ಟ. ಮೆಕ್ಯಾನಿಕ್ ಮರುದಿನ ಮತ್ತೆ ಒಲೆ ಹಚ್ಚುತ್ತಿದ್ದ. ಹಿಮಕ್ಕೆ ಹೋಗುವ ಆಸೆ ಅವನಿಗೆ ಅಷ್ಟಿತ್ತು.

ಮನೆಯಿಂದ ಹೊರಡುವಾಗ ಗೊಣಗಪ್ಪನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ಎದೆ ಹಿಡ್ಕೊಳ್ಳುತ್ತೆ ಅಂತೀರಿ. ಈ ಸಲ ಬೇರೆ ಯಾರಾದ್ರೂ ಹೋಗ್ಲಿ ಬಿಡಿ."

"ಗ್ಯಾಸು ಕಣೇ" ಎಂದು ನಕ್ಕು ಬಂದಿದ್ದ. ಆಫೀಸಿಗೆ ತಿಳಿದರೆ ಕೆಲಸ ಹೋಗುತ್ತದೆಂಬ ಹೆದರಿಕೆ. ಇಷ್ಟು ವರ್ಷ ಈ ಕೋಣೆಗೆ ಬಂದೂ ಬಂದೂ ಹಿಮದ ಮುಖ ಕಂಡವನಲ್ಲ, ಪಾಪ.

ಈಗಿನದು ಗ್ಯಾಸಲ್ಲ. ಎಡಗೈ ಮರಗಟ್ಟಿತು, ಬೆನ್ನು ಬೆವೆತು ಅಂಗಿ ಅಂಟಿಕೊಂಡಿತು. ಗೊಣಗಪ್ಪನಿಗೆ ಜೀವ ಬಾಯಿಗೆ ಬಂತು. ಕೆಲಸ ಹಾಳಾಗಿ ಹೋಗಲಿ, ಉಳಿದರೆ ಸಾಕು. ಎದ್ದು ಬಾಗಿಲ ಕಡೆ ಹೊರಟವನು ನಡುವೆಯೇ ಕುಸಿದ.

"ತಮ್ಮಾ, ಬೆಲ್ ಒತ್ತೋ... ಎದೆ..."

ಮೆಕ್ಯಾನಿಕ್ ಓಡಿ ಬಂದ. ತಲೆಯಡಿ ದಿಂಬಿಟ್ಟ, ಅಂಗಿ ಸಡಿಲಿಸಿದ, ಕಂಬಳಿ ಹೊದಿಸಿದ. ಎಲ್ಲ ಅಚ್ಚುಕಟ್ಟಾಗಿ ಮಾಡಿದ. ಬೆಲ್ಲಿನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ.

"ಒತ್ತೋ... ಈ ಸಲ ನಿಜ ಕಣೋ..."

ಮೆಕ್ಯಾನಿಕ್ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಮೆಚ್ಚುಗೆಯಿಂದ ನಕ್ಕ.

"ಭಲೇ ಅಣ್ಣಾ! ಹೋದ ವರ್ಷ ಈ ಕೋಣೇಲಿದ್ದವ್ರು ಮೊದಲೇ ಹೇಳಿದ್ರು. ನಮ್ಮ ಕೈಲಿ ಬೆಲ್ ಒತ್ತಿಸೋಕೆ ಅಂತಾನೇ ಆಫೀಸು ನಿಮಗೆ ಸಂಬಳ ಕೊಡುತ್ತಂತೆ. ಅಡುಗೆಯವನು ಅಂತ ಹೇಳ್ಕೊಂಡು ಬಂದು, ಕೊನೇ ದಿನ ಪ್ರತಿ ಸಲಾನೂ ಹೀಗೇ ಎದೆ ಹಿಡ್ಕೊಂಡು ಬೀಳ್ತೀರಂತೆ."