ವಡಗೇರಾದಲ್ಲಿ ಗ್ರೀಸ್

ವಡಗೇರಾದಲ್ಲಿ ಬಸ್ಸಿಳಿದ ಕೂಡಲೇ ಮಾಳಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಪಂದ್ಯ ಇಷ್ಟೇ: ಗೊತ್ತಿಲ್ಲದ ಈ ಊರಿನಲ್ಲಿ ಮೂರು ಸಾಮಾನು ಕೊಂಡು, ಬಸ್ ಹಿಡಿದು, ತಮ್ಮೂರು ಶಹಾಪುರ ಮುಟ್ಟುವ ತನಕ ಒಂದು ಮಾತೂ ಆಡದಿದ್ದರೆ ಅವಳು ಗ್ರೀಸಿಗೆ ಹೋಗಬಹುದು. ಒಂದು ಅಕ್ಷರ ಜಾರಿದರೂ ವಿಮಾನದ ಟಿಕೆಟ್ ರದ್ದು.

ಅವಳು ಹೊಲಿದ ಕೌದಿಗಳ ಮೇಲೆ ಗ್ರೀಸಿನವರ ಕಣ್ಣು ಬಿದ್ದಿತ್ತು. ಹದಿನೈದು ದಿನ ಅಲ್ಲಿಯ ಹೆಂಗಸರ ನಡುವೆ ಕೂತು ಹಳೇ ಸೀರೆಯ ತುಂಡು ಜೋಡಿಸಿ ಹೊಲಿಯುವುದನ್ನು ತೋರಿಸಬೇಕು. ಜೊತೆಗೆ ಬರಬೇಕಿದ್ದ ಇಂಗ್ಲಿಷ್ ಬಲ್ಲ ಮೇಡಂ ಕಾಲು ಮುರಿದುಕೊಂಡು ಮಲಗಿದ್ದೇ ತಡ, ಗಂಡ ಸಂಗಣ್ಣ ತಕರಾರು ತೆಗೆದ.

"ಗ್ರೀಕ್ ಬರಂಗಿಲ್ಲ, ಇಂಗ್ಲಿಷ್ ಬರಂಗಿಲ್ಲ. ನೀರಡಿಸಿದ್ರ ಏನಂತ ಕೇಳ್ತಿ?"

"ಏನೂ ಅನ್ನಂಗಿಲ್ಲ. ಬೇಕಾದ್ರ ಪರೀಕ್ಷಾ ಮಾಡ್ರಿ," ಅಂದಿದ್ದಳು ಮಾಳಮ್ಮ. ಶಹಾಪುರದಲ್ಲಾದರೆ ಬೀದಿನಾಯಿಗೂ ಅವಳ ಗುರುತು. ಅದಕ್ಕೇ ವಡಗೇರಾ.

ಈಗ ಸಂಗಣ್ಣ ಕೈ ಹಿಂದೆ ಕಟ್ಟಿಕೊಂಡು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ಮಾಳಮ್ಮ ಹಿಗ್ಗಿನಿಂದ ಮುಂದೆ ಮುಂದೆ ನಡೆದಳು. ಔಷಧಿ ಅಂಗಡಿಯ ಮುಂದೆ ಸೆರಗಿನಿಂದ ತಲೆ ಬಿಗಿದು ಕಣ್ಣು ಮುಚ್ಚಿದಳು. ಕಣ್ಣು ತೆರೆಯುವುದರೊಳಗೆ ತಲೆನೋವಿನ ಗುಳಿಗೆ ಎದುರಿಗಿತ್ತು. ಬೆಲ್ಲವಂತೂ ಕಣ್ಣೆದುರೇ ಇತ್ತು, ಬೆರಳು ಮಾಡಿದ್ದಕ್ಕೆ ಸಿಕ್ಕಿತು. ಉಳಿದದ್ದು ಕೌದಿ ಹೊಲಿಯುವ ಉದ್ದನೆಯ ಸೂಜಿ.

ಖಾಸಿಂಬೀ ಎಂಬಾಕೆಯ ಬಳೆ ಅಂಗಡಿಯಲ್ಲಿ ಸೂಜಿ ಎಲ್ಲೂ ಕಾಣಲಿಲ್ಲ. ಮಾಳಮ್ಮ ಗಾಳಿಯಲ್ಲೇ ದಾರ ಪೋಣಿಸಿ, ಗಾಳಿಯಲ್ಲೇ ಹೊಲಿದಳು. ಖಾಸಿಂಬೀ ಗುಂಡಿ ತೋರಿಸಿದಳು, ಹುಕ್ಕು ತೋರಿಸಿದಳು, ಕೊನೆಗೆ ರೇಗಿ, "ಬಾಯಿ ಬಿಟ್ಟು ಹೇಳವ್ವಾ," ಅಂದಳು. ಮಾಳಮ್ಮ ತುಟಿಯ ಮೇಲೆ ಬೆರಳಿಟ್ಟು ಕೈ ಮುಗಿದಳು. ಖಾಸಿಂಬೀ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು.

"ಹರಕಿ ಹೊತ್ತು ಮಾತು ಬಿಟ್ಟೀರೇನ್ರಿ? ತಪ್ಪಾಯ್ತು, ಕುಂಡ್ರಿ."

ಸ್ಟೂಲು ಬಂತು, ಚಹಾ ಬಂತು, ಒಳಗಿನಿಂದ ಇಡೀ ಸೂಜಿಯ ಡಬ್ಬಿಯೇ ಬಂತು. "ನಮ್ಮ ಮಗಳು ಅಂಬರೀನಗೂ ಒಂದು ದುವಾ ಮಾಡ್ರಿ, ನಾಳಿ ನರ್ಸಿಂಗ್ ಪರೀಕ್ಷಾ ಅದ," ಅಂದಳು ಖಾಸಿಂಬೀ. ಹರಕೆಯಲ್ಲ ಎಂದು ಹೇಳಲು ಬಾಯಿಲ್ಲ. ಮಾಳಮ್ಮ ಕಣ್ಣು ಮುಚ್ಚಿ, ಕಾಣದ ಆ ಹುಡುಗಿಗಾಗಿ ನಿಜವಾಗಿಯೇ ಬೇಡಿಕೊಂಡಳು.

"ಇದು ನಡಿಯಂಗಿಲ್ಲ," ಬಸ್ ಸ್ಟ್ಯಾಂಡಿನಲ್ಲಿ ಸಂಗಣ್ಣ ಗೊಣಗಿದ. "ಗ್ರೀಸಿನ್ಯಾಗ ಹರಕಿ ಅಂತ ಯಾರು ತಿಳ್ಕೋತಾರ?" ಮಾಳಮ್ಮ ಸೂಜಿಯನ್ನು ಅವನ ಮೂಗಿನ ಮುಂದೆ ಹಿಡಿದು ನಕ್ಕಳು. ಅವಳನ್ನು ಬಸ್ಸಿನಲ್ಲಿ ಕೂಡಿಸಿ ಅವನು ಮಿರ್ಚಿ ತರಲು ಇಳಿದು ಹೋದ.

ಮಿರ್ಚಿ ಇನ್ನೂ ಬಾಣಲೆಯಲ್ಲಿತ್ತು, ಬಸ್ ಹೊರಟೇಬಿಟ್ಟಿತು.

ಮಾಳಮ್ಮ ಕಿಟಕಿಯಿಂದ ಹೊರಗೆ ಇಣುಕಿದಳು. 'ನಿಲ್ಸ್ರಿ' ಎಂದು ಕೂಗಿದರೆ ಗಂಡ ಸಿಗುತ್ತಾನೆ, ಗ್ರೀಸ್ ಹೋಗುತ್ತದೆ. ಸುಮ್ಮನಿದ್ದರೆ ಗ್ರೀಸ್ ಉಳಿಯುತ್ತದೆ, ಗಂಡ ಉಳಿಯುವುದು ವಡಗೇರಾದಲ್ಲಿ. ಕಂಡಕ್ಟರ್ ಹಾಶಿಮ ಟಿಕೆಟ್ ಕೊಡುತ್ತ ಪಕ್ಕಕ್ಕೆ ಬಂದ. ಅವಳು ಅವನ ಬೆರಳ ಸಂದಿಯಲ್ಲಿದ್ದ ಸೀಟಿ ಕಸಿದುಕೊಂಡು, ಕೆನ್ನೆ ಉಬ್ಬಿಸಿ ಒಂದೇ ಸಲ ಊದಿದಳು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಹಿಂದೆ ಧೂಳಿನಲ್ಲಿ ಸಂಗಣ್ಣ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಓಡಿ ಬರುತ್ತಿದ್ದ.

ಏದುಸಿರು ಬಿಡುತ್ತಲೇ ಅವನು ಪಂದ್ಯದ ಕಥೆಯೆಲ್ಲ ಹಾಶಿಮನಿಗೆ ಒಪ್ಪಿಸಿ ನ್ಯಾಯ ಕೇಳಿದ. "ಬಾಯಿಲೇ ಊದ್ಯಾಳಲ್ಲ, ಅದು ಮಾತಾಡಿದಂಗ ಆಗಲಿಲ್ಲೇನು?"

"ಸೀಟಿಗಿ ಯಾವ ಭಾಷಾ ಅದ ಕಾಕಾ?" ಅಂದ ಹಾಶಿಮ. "ಕನ್ನಡಾ ಬರೋ ನೀವ ಬಸ್ ತಪ್ಪಿಸ್ಕೊಂಡೀರಿ. ಕಾಕಿನ್ನ ಆರಾಮ ಕಳಸ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಸಂಗಣ್ಣನೂ ನಕ್ಕ, ಮಿರ್ಚಿ ಹಂಚಿದ. ಆಮೇಲೆ ಕಿಟಕಿಯ ಹೊರಗಿನ ಭತ್ತದ ಗದ್ದೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ, "ನಿಂದು ಎಲ್ಲಿ ಹೋದ್ರೂ ನಡೀತದ. ನಂಗ ಮೊದಲೇ ಗೊತ್ತಿತ್ತು. ಹದಿನೈದು ದಿನ ಇಲ್ಲಿ ನಾ ಯಾರ ಜೋಡಿ ಮಾತಾಡ್ಲಿ?"

ನಾಲಿಗೆಯ ತುದಿಗೆ ಬಂದ ಮಾತನ್ನು ಮಾಳಮ್ಮ ಹಲ್ಲು ಕಚ್ಚಿ ತಡೆದಳು. ಶಹಾಪುರ ಇನ್ನೂ ಮೂರು ಮೈಲಿ. ಇದು ಪಂದ್ಯದ ಕೊನೆಯ ಬಲೆ ಇರಬಹುದೇ ಎಂದು ಅವನ ಮುಖ ನೋಡಿದಳು. ಬಲೆ ಬೀಸುವವನ ಕಣ್ಣು ಹಾಗೆ ತುಂಬಿರುವುದಿಲ್ಲ.

ಅವನ ಎರಡೂ ಕೈಗಳನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಮಡಿಸತೊಡಗಿದಳು. ಹತ್ತು ಮುಗಿದವು. ಬಲಗೈಯನ್ನು ಮತ್ತೆ ಬಿಡಿಸಿ ಇನ್ನೈದು ಮಡಿಸಿದಳು.

"ಇಷ್ಟೇ ದಿನಾ ಏನು?" ಅಂದ ಸಂಗಣ್ಣ.

ಅವಳು ಹೌದೆಂದು ತಲೆಯಾಡಿಸಿದಳು. ಶಹಾಪುರದ ಸ್ಟ್ಯಾಂಡಿನಲ್ಲಿ ಬಸ್ ನಿಲ್ಲುವ ತನಕ ಅವನು ಆ ಮುಷ್ಟಿ ಬಿಚ್ಚಲಿಲ್ಲ.