ಹಾಲಿನ ಸೈಕಲ್

ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದ ರಾಜಶ್ರೀಯ ಸೈಕಲ್ಲು ಗಲಗಲಿಯ ಹೊಳೆದಂಡೆಯಲ್ಲಿ ಗಕ್ಕನೆ ನಿಂತಿತು. ತೆಳು ಗಾಲಿಗಳಿಗೆ ಎರೆಮಣ್ಣು ಮೆತ್ತಿ, ಎಷ್ಟು ತುಳಿದರೂ ತಿರುಗಲೊಲ್ಲವು. ಹಿಂದಿನಿಂದ ಅಪ್ಪನ ಹಾಲಿನ ಸೈಕಲ್ ತುಳಿಯುತ್ತ ಮಾಯಾ ಬಂದಳು.

ಸೈಕಲ್ ಕ್ಲಬ್ಬಿನವರು ರಾಜಶ್ರೀ ತುಳಿಯುತ್ತಿದ್ದ ಆ ಹೊಸ ಸೈಕಲ್ಲನ್ನು ಕೊಟ್ಟದ್ದು ಮಾಯಾಳಿಗೆ. ಬೆಳಿಗ್ಗೆ ರಾಜಶ್ರೀ ಅದನ್ನು ಕಸಿದುಕೊಂಡು, "ನಿನಗ್ಯಾಕ ಲೇ ಇದು? ಹಾಲಿನ ಕ್ಯಾನ್ ಕಟ್ಟಾಕ ಬರೂದಿಲ್ಲ" ಎಂದಾಗ ಎಲ್ಲರೂ ನಕ್ಕಿದ್ದರು. ಮಳೆಗೆ ಈ ದಾರಿ ಏನಾಗಿದೆಯೆಂದು ನಸುಕಿನಲ್ಲೇ ಇಲ್ಲಿ ಹಾಲು ಹಾಕಿ ಹೋಗಿದ್ದ ಮಾಯಾಳಿಗೆ ಗೊತ್ತಿತ್ತು. ಕೆಸರು ಸಿಕ್ಕಿಕೊಳ್ಳದಂತೆ ಹಾಲಿನ ಸೈಕಲ್ಲಿನ ಮಡ್‌ಗಾರ್ಡು ಬಿಚ್ಚಿಟ್ಟು ಅದನ್ನೇ ಹತ್ತಿದ್ದಳು.

"ಮಾಯಾ, ನಿಲ್ಲ ಬೇ! ಒಂದೀಟ ಕೈ ಹಚ್ಚು, ಎತ್ತೂಣು."

ಮಾಯಾ ನಿಧಾನಿಸಿದಳು. ರಾಜಶ್ರೀ ಕೆಸರುಗೈ ಚಾಚಿದಳು. ಯಾರೆದುರೂ ದನಿ ಎತ್ತದ ಮಾಯಾ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿ, ಹೊಳೆದಂಡೆಗೆಲ್ಲ ಕೇಳುವಂತೆ ಕೂಗಿದಳು:

"ಹಾಲ ಬೇಕೇನ್ರೀ, ಬಾಯಾರ?"

ಮತ್ತೆ ತುಳಿದಳು.