ಲಗಾಮು ಬಿಚ್ಚಿದ ಕುದುರೆ

ಸೀಮೆಯಲ್ಲಿ ದಂಗೆ ಎದ್ದಾಗಿನಿಂದ ಅರಸರ ಕಡೆಯ ರಿಸಾಲ್ದಾರನಿಗೆ ಸಿಕ್ಕಿದ್ದು ಬಿಸಿ ಬೂದಿ ಮಾತ್ರ. ದಂಗೆಕೋರರ ನಾಯಕ ಇಲ್ಲಿದ್ದಾನೆ ಎಂದು ಸುದ್ದಿ ಬಂದಲ್ಲಿಗೆಲ್ಲ ಅವನ ಕುದುರೆಪಡೆ ಓಡುತ್ತಿತ್ತು. ಹೋಗಿ ನೋಡಿದರೆ ಒಲೆ ಬೆಚ್ಚಗೆ, ಗುಡಿಸಲು ಖಾಲಿ. ಸವಾರರೆಲ್ಲ ಅದೇ ಸೀಮೆಯ ಹಳ್ಳಿಗಳವರು. ಅವನಿಗೆ ಸುಳಿವು ಕೊಟ್ಟವರು ಯಾರೆಂದು ಕೇಳಿದರೆ ಒಬ್ಬೊಬ್ಬನೂ ನೆಲ ನೋಡುತ್ತಿದ್ದ. ವರ್ಷದಿಂದ ಮನೆಯ ಮುಖ ಕಾಣದ ರಿಸಾಲ್ದಾರನಿಗೆ ಪಿತ್ತ ನೆತ್ತಿಗೇರಿತ್ತು.

ಇವತ್ತೂ ಅಷ್ಟೇ. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದ ನಾಯಕ ಹೊಳೆಗೆ ಹಾರಿ ತಪ್ಪಿಸಿಕೊಂಡ. ಕೈಗೆ ಸಿಕ್ಕಿದ್ದು ಅವನ ಕೆಂಪು ಕುದುರೆ.

"ಲಗಾಮು ಬಿಚ್ಚಿ ಬಿಡ್ರೋ ಅದನ್ನ," ಎಂದ ರಿಸಾಲ್ದಾರ. "ಹಸಿದ ಕುದುರೆ ತನ್ನ ಲಾಯ ಹುಡುಕ್ಕೊಂಡು ಹೋಗ್ತದೆ. ಯಾವ ಮನೆ ಮುಂದೆ ನಿಲ್ತದೋ, ಆ ಮನೆಗೆ ಬೆಂಕಿ ಇಡಿ."

ಅವನ ಕೈಕೆಳಗಿನ ದಫೇದಾರ ಚೆನ್ನವೀರ ಹತ್ತಿರ ಬಂದ. "ಬ್ಯಾಡಿ ಸ್ವಾಮಿ. ಒಳ್ಳೇ ಕುದುರೆ, ನೀವೇ ಇಟ್ಕೊಳ್ಳಿ."

"ನಿನಗ್ಯಾಕಯ್ಯ ಅಷ್ಟು ಮರುಕ? ನಿನ್ನ ನೆಂಟರ ಮನೆಯೇನು?"

ದಫೇದಾರ ಹೋಗಿ ಲಗಾಮು ಬಿಚ್ಚಿದ.

ಕುದುರೆ ಹೊಲ ದಾಟಿತು, ಹಳ್ಳ ದಾಟಿತು. ಅದು ಕೆರೆಯ ಏರಿ ಹತ್ತಿದಾಗ, ಅಲ್ಲಿಯವರೆಗೂ ಬೈಯುತ್ತಲೇ ಬಂದಿದ್ದ ರಿಸಾಲ್ದಾರ ಸುಮ್ಮನಾದ. ಹುಣಸೆಮರದ ಪಕ್ಕದ ಮನೆಯ ಮುಂದೆ ಕುದುರೆ ನಿಂತು ಕೆನೆಯಿತು. ಪಂಜು ಹಿಡಿದ ಸವಾರರು ಅಪ್ಪಣೆಗಾಗಿ ಅವನ ಮುಖ ನೋಡಿದರು.

ಬಾಗಿಲು ತೆರೆದ ಮುದುಕಿ, ಬೇಯಿಸಿದ ಹುರುಳಿಯ ಬುಟ್ಟಿಯನ್ನು ಕುದುರೆಯ ಮುಂದಿಟ್ಟು ರಿಸಾಲ್ದಾರನತ್ತ ತಿರುಗಿದಳು.

"ಇದೊಂದನ್ನೇ ಕರ್ಕೊಂಡು ಬಂದ್ಯೇನೋ ಮಗಾ? ನಿನ್ನ ತಮ್ಮ ಎಲ್ಲಿ?"